ಉದಕಮಂಡಲದ ಸಂತ ಸ್ಟೀಫನ್ ಚರ್ಚಿನ ಅಂಗಳ: ಮಕ್ಕಳೊಡನೆ ಹೋಗುವವರಿಗೆ ಒಂದು ಪರಿಚಯ

ನೀಲಗಿರಿ ಜಿಲ್ಲೆಯ ಕೇಂದ್ರವಾದ ಉದಕಮಂಡಲದಲ್ಲಿ, ಜಿಲ್ಲಾಧಿಕಾರಿಗಳ ಕಚೇರಿ ಹಾಗೂ ನ್ಯಾಯಾಲಯಕ್ಕೆ ಸಮೀಪದ ಒಂದು ದಿಬ್ಬದ ಮೇಲೆ ಸಂತ ಸ್ಟೀಫನ್ ಚರ್ಚು ಇದೆ. ಕೆನೆಬಣ್ಣದ ಗೋಡೆ, ಗಿಡ್ಡನೆಯ ಚೌಕ ಗೋಪುರ, ಎದುರಿಗೆ ಅಂಗಳ, ಹಿಂಬದಿಯ ಇಳಿಜಾರಿನಲ್ಲಿ ಮರಗಳ ನಡುವೆ ಹರಡಿಕೊಂಡ ಹಳೆಯ ಸಮಾಧಿಭೂಮಿ. ನೀಲಗಿರಿಯ ಅತ್ಯಂತ ಹಳೆಯ ಚರ್ಚುಗಳಲ್ಲಿ ಇದೊಂದು. ಕಟ್ಟಡದ ಒಳಭಾಗವನ್ನು ಹತ್ತು ನಿಮಿಷಗಳಲ್ಲಿ ನೋಡಿ ಮುಗಿಸಬಹುದು. ಸುತ್ತಲಿನ ಆವರಣಕ್ಕೆ ಮಾತ್ರ ಒಂದು ಗಂಟೆಯಾದರೂ ಬೇಕು. ಈ ಲೇಖನ ಮುಖ್ಯವಾಗಿ ಆ ಆವರಣದ ಕುರಿತಾದುದು.

ತಾಳವಾಡಿ, ಗೂಡಲೂರು, ವಯನಾಡು ಭಾಗಗಳ ಕನ್ನಡ ಮಾಧ್ಯಮ ಶಾಲೆಗಳ ಪ್ರವಾಸವೆಂದರೆ ಬಹುತೇಕ ಉದಕಮಂಡಲವೇ. ಕೆರೆ, ಸಸ್ಯೋದ್ಯಾನ, ಪುಟ್ಟ ರೈಲು, ಚಾಕೊಲೇಟ್ ಅಂಗಡಿ, ಅಲ್ಲಿಗೆ ಪ್ರವಾಸ ಮುಗಿಯಿತು. ಹಲವು ವರ್ಷ ನಾನೂ ಮಕ್ಕಳನ್ನು ಹಾಗೆಯೇ ಕರೆದೊಯ್ದು ಹಾಗೆಯೇ ಕರೆತಂದವನು. ಒಮ್ಮೆ ಮಳೆ ಹಿಡಿದು ದೋಣಿವಿಹಾರ ನಿಂತುಹೋದಾಗ, ಬಸ್ಸಿನಲ್ಲಿ ಕೂತು ಬೇಸತ್ತಿದ್ದ ನಲವತ್ತು ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಬೇಕಾಗಿ ಬಂದುದರಿಂದ ಈ ಚರ್ಚಿನ ಮೆಟ್ಟಿಲು ಹತ್ತಿದೆವು. ಅಂದಿನಿಂದ ಪ್ರತಿ ಪ್ರವಾಸದಲ್ಲಿಯೂ ಇದಕ್ಕೊಂದು ಗಂಟೆ ಮೀಸಲು. ಕಾರಣ ಸರಳ. ತಮಿಳುನಾಡಿನ ಪಠ್ಯದಲ್ಲಿ ನಮ್ಮ ಭಾಗದ ಚರಿತ್ರೆ ಅಂಚಿನಲ್ಲಿದೆ. ಕರ್ನಾಟಕದ ಪಠ್ಯದಲ್ಲಿ ಅದು ರಾಜ್ಯದ ಗಡಿಯಾಚೆಗೆ ಹೋಯಿತು. ಹೀಗಾಗಿ ಚರಿತ್ರೆ ಎಂಬುದು ಬೇರೆಲ್ಲೋ, ಬೇರಾರಿಗೋ ಸಂಭವಿಸುವ ಸಂಗತಿ ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿದೆ. ಆ ಭಾವನೆಯನ್ನು ಅಲುಗಾಡಿಸುವ ಸ್ಥಳಗಳಲ್ಲಿ ಇದೊಂದು.

ಚರ್ಚು ಕಟ್ಟಿದ ಬಗೆ

ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಮೊದಲ ಬಾರಿಗೆ ನೀಲಗಿರಿಯ ಮೇಲೇರಿದ. ಬಯಲು ಸೀಮೆಯ ಜ್ವರ, ಭೇದಿ, ಸೆಕೆಗಳಿಂದ ಬಸವಳಿದ ಕಂಪನಿಯ ಅಧಿಕಾರಿಗಳಿಗೂ ಸೈನಿಕರಿಗೂ ಈ ತಂಪು ಬೆಟ್ಟ ಆರೋಗ್ಯಧಾಮವಾಗಬಲ್ಲದೆಂದು ಆತ ಮೇಲಿನವರಿಗೆ ಮತ್ತೆ ಮತ್ತೆ ಬರೆದ. ತಾನೇ ಇಲ್ಲಿ ಕಲ್ಲಿನ ಮನೆಯೊಂದನ್ನೂ ಕಟ್ಟಿಸಿದ. ಸ್ಥಳೀಯರು ಅದನ್ನು ‘ಕಲ್ ಬಂಗಲಾ’ ಎಂದು ಕರೆದರಂತೆ. ಈ ಹೆಸರನ್ನು ತಮಿಳರೂ ಬಡಗರೂ ನಾವೂ ಯಾರ ಸಹಾಯವಿಲ್ಲದೆ ಅರ್ಥಮಾಡಿಕೊಳ್ಳಬಲ್ಲೆವು. ಒಂದು ದಶಕ ಕಳೆಯುವಷ್ಟರಲ್ಲಿ ಬೆಟ್ಟದ ಮೇಲೆ ಯುರೋಪಿಯನ್ನರ ಚಿಕ್ಕ ವಸತಿಯೊಂದು ನೆಲೆಗೊಂಡಿತು. ಅವರಿಗೊಂದು ಪ್ರಾರ್ಥನಾಮಂದಿರ ಬೇಕಾಯಿತು.

ಆಗ ಮದರಾಸಿನ ಗವರ್ನರ್ ಆಗಿದ್ದವನು ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್. 1829ರ ಏಪ್ರಿಲ್ 23ರಂದು, ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜನ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದ ದಿನ, ಆತ ಅಡಿಗಲ್ಲು ಹಾಕಿದ. ನಕ್ಷೆ ಮತ್ತು ಕಟ್ಟಡದ ಉಸ್ತುವಾರಿ ಮದರಾಸು ಸೇನೆಯ ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್‌ನದು. 1830ರ ನವೆಂಬರ್ 5ರಂದು ಕಲ್ಕತ್ತೆಯ ಬಿಷಪ್ ಜಾನ್ ಮಥಾಯಸ್ ಟರ್ನರ್ ಇದನ್ನು ಪ್ರತಿಷ್ಠಾಪಿಸಿದರು. 1831ರ ಏಪ್ರಿಲ್ 3ರ ಈಸ್ಟರ್ ಭಾನುವಾರದಂದು ಸಾರ್ವಜನಿಕ ಆರಾಧನೆ ಆರಂಭವಾಯಿತು. ಸ್ಟೀಫನ್ ಕ್ರೈಸ್ತ ಪರಂಪರೆಯ ಪ್ರಥಮ ಹುತಾತ್ಮನ ಹೆಸರು. ಗವರ್ನರನ ಹೆಸರೂ ಅದೇ ಆಗಿತ್ತೆಂಬುದನ್ನು ಮಕ್ಕಳಿಗೆ ಹೇಳಿದರೆ ಅವರೇ ನಗುತ್ತಾರೆ, ನಾವು ವಿವರಿಸಬೇಕಾಗಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಚರ್ಚು ಅದರ ವ್ಯಾಪ್ತಿಗೆ ಬಂದಿತು. ಇಂದಿಗೂ ಇಲ್ಲಿ ಆರಾಧನೆ ನಡೆಯುತ್ತದೆ. ಇದು ವಸ್ತುಸಂಗ್ರಹಾಲಯವಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

ಶ್ರೀರಂಗಪಟ್ಟಣದ ತೊಲೆಗಳು

ಒಳಗೆ ಕಾಲಿಟ್ಟೊಡನೆ ಮಕ್ಕಳಿಗೆ ತಲೆಯೆತ್ತಿ ನೋಡಲು ಹೇಳಿ. ಮಾಡನ್ನು ಹೊತ್ತ ಭಾರಿ ಮರದ ತೊಲೆಗಳು ನೀಲಗಿರಿಯವಲ್ಲ. ಅವು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ವಾಸವಾಗಿದ್ದ ಲಾಲ್ ಮಹಲ್ ಅರಮನೆಯಿಂದ ಬಂದವು. 1799ರ ಮೇ 4ರಂದು ಟಿಪ್ಪು ಮಡಿದ. ಕೋಟೆ ಕಂಪನಿಯ ವಶವಾಯಿತು. ಮುಂದೆ ಅರಮನೆಯನ್ನು ಕೆಡವಲಾಯಿತು. ಅರಮನೆ ಹೋದರೂ ಅದರ ಮರ ಉಳಿಯಿತು. ಮೂವತ್ತು ವರ್ಷಗಳ ತರುವಾಯ ಆ ಮರದ ಒಂದು ಭಾಗ ಇಲ್ಲಿ ಚರ್ಚಿನ ಮಾಡಾಯಿತು.

ಅಷ್ಟು ದೂರದಿಂದ ಏಕೆ ತರಬೇಕಾಯಿತು? ಈ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ಬೆಟ್ಟದ ನೆತ್ತಿಯಲ್ಲಿರುವುದು ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿ ಅವಿತ ಶೋಲಾ ಕಾಡು. ಗಾಳಿ ಮತ್ತು ಚಳಿಗೆ ಮೈಯೊಡ್ಡಿದ ಶೋಲಾ ಮರಗಳು ಗಿಡ್ಡ, ಡೊಂಕು, ಗಂಟುಗಂಟು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನೇರವಾಗಿ ಚಾಚುವ ತೊಲೆ ಅವುಗಳಲ್ಲಿ ಸಿಗದು. ಅರಮನೆಯಲ್ಲಿ ವರ್ಷಗಟ್ಟಲೆ ಒಣಗಿ ಹದಗೊಂಡ ಮರ ಸಿದ್ಧವಾಗಿಯೇ ಇತ್ತು. ಇಂದಿನ ರಸ್ತೆಯಲ್ಲಿ ಶ್ರೀರಂಗಪಟ್ಟಣದಿಂದ ಉದಕಮಂಡಲಕ್ಕೆ 130 ಕಿಲೋಮೀಟರಿಗೂ ಹೆಚ್ಚು ದೂರ. ಏರಬೇಕಾದ ಎತ್ತರ ಹೆಚ್ಚುಕಡಿಮೆ 1,500 ಮೀಟರ್. ಆಗ ಇಂದಿನಂಥ ರಸ್ತೆ ಇರಲಿಲ್ಲ. ಆನೆಗಳಿಂದ ಎಳೆಸಿ ಘಟ್ಟ ಹತ್ತಿಸಿದರೆಂದು ಹೇಳಿಕೆ. ಆನೆಯೊಂದಿಗೆ ಮಾವುತನೂ, ಹಗ್ಗ ಹಿಡಿದವರೂ, ದಾರಿ ಕಡಿದವರೂ ಇದ್ದಿರಲೇಬೇಕು. ಅವರ ವಿಚಾರಕ್ಕೆ ಮುಂದೆ ಬರುತ್ತೇನೆ.

ಟಿಪ್ಪುವಿನ ಹೆಸರೆತ್ತಿದರೆ ಇಂದು ವಾದ ಹತ್ತಿಕೊಳ್ಳುತ್ತದೆಂಬುದು ನನಗೆ ತಿಳಿಯದೆ ಇಲ್ಲ. ಪೋಷಕರೊಬ್ಬರು ಈ ಕಾರಣಕ್ಕಾಗಿಯೇ ಚರ್ಚನ್ನು ಪ್ರವಾಸದ ಪಟ್ಟಿಯಿಂದ ಕೈಬಿಡುವಂತೆ ಕೇಳಿದ್ದರು. ಇನ್ನೊಬ್ಬರು ಅದೇ ಕಾರಣಕ್ಕಾಗಿ ಹೆಚ್ಚು ಹೊತ್ತು ಅಲ್ಲಿಯೇ ನಿಲ್ಲಿಸಿ ಭಾಷಣ ಮಾಡುವಂತೆ ಕೇಳಿದ್ದರು. ಇಬ್ಬರಿಗೂ ಇಲ್ಲವೆಂದೆ. ಸೋತವನ ಮನೆಯ ಮರ ಗೆದ್ದವನ ಗುಡಿಯ ಮಾಡಿನಲ್ಲಿದೆ, ಅದರ ಕೆಳಗೆ ಇಂದು ತಮಿಳು ಕುಟುಂಬಗಳು ಮಂಡಿಯೂರುತ್ತವೆ, ಅದನ್ನು ಕನ್ನಡದ ಮಕ್ಕಳು ನೋಡಲು ಬಂದಿದ್ದಾರೆ. ಇಷ್ಟನ್ನು ಹೇಳಿ ಸುಮ್ಮನಾದರೆ ಏಳನೆಯ ತರಗತಿಯ ಮಗು ತಾನೇ ಯೋಚಿಸುತ್ತದೆ.

ಒಳಗೆ ಬಣ್ಣದ ಗಾಜಿನ ಕಿಟಕಿಗಳೂ ಕಡೆಯ ಭೋಜನದ ಚಿತ್ರವೂ ಗೋಡೆಗಳಲ್ಲಿ ಅಮೃತಶಿಲೆಯ ಸ್ಮಾರಕ ಫಲಕಗಳೂ ಇವೆ. ಚಿತ್ರಕಲೆಗಾಗಿ ಪ್ರಾರ್ಥನಾಮಂದಿರ ನೋಡಬೇಕೆನ್ನುವ ಕಾಸರಗೋಡಿನವರು ಇಷ್ಟು ದೂರ ಬರಬೇಕಾಗಿಲ್ಲ. 1899ರಿಂದ ಮೊದಲ್ಗೊಂಡು ಇಟಲಿಯ ಆಂಟೋನಿಯೋ ಮೊಸ್ಕೇನಿ ಚಿತ್ರಿಸಿದ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯ ಅವರ ಸಮೀಪದಲ್ಲಿಯೇ ಇದೆ. ಇಲ್ಲಿ ನೋಡಬೇಕಾದುದು ಹೊರಗಿದೆ.

ತೋಟವೂ ಆದ ಸಮಾಧಿಭೂಮಿ

ಚರ್ಚಿನ ಪಕ್ಕದಿಂದ ಹಿಂದಕ್ಕೆ ಹೋದರೆ ನೆಲ ಇಳಿಜಾರಾಗುತ್ತದೆ. ಕಲ್ಲಿನ ಶಿಲುಬೆಗಳು, ಚಪ್ಪಡಿಗಳು, ಕುಳ್ಳಗಿನ ಕಂಬಗಳು, ಕಬ್ಬಿಣದ ಕಟಾಂಜನದೊಳಗಿನ ಸಮಾಧಿಗಳು ಹುಲ್ಲು ಮತ್ತು ಜರೀಗಿಡಗಳ ನಡುವೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತವೆ. ಕೆಲವು ಕಲ್ಲುಗಳು ನೆಟ್ಟಗಿವೆ, ಹಲವು ವಾಲಿವೆ, ಕೆಲವು ಬಿದ್ದು ಪಾಚಿಯಡಿ ಮುಚ್ಚಿಹೋಗಿವೆ. ರಸ್ತೆಯ ಸದ್ದು ಇಲ್ಲಿಗೆ ಬರುವಷ್ಟರಲ್ಲಿ ಬಹಳ ಮೆತ್ತಗಾಗಿರುತ್ತದೆ. ಮಂಜು ಇಳಿದ ದಿನಗಳಲ್ಲಿ ಹತ್ತು ಹೆಜ್ಜೆ ಮುಂದಿನ ಕಲ್ಲೂ ಕಾಣದು. ಗದ್ದಲವೇ ಸ್ವಭಾವವಾದ ಮಕ್ಕಳು ಇಲ್ಲಿ ಯಾರೂ ಹೇಳದೆಯೇ ದನಿ ತಗ್ಗಿಸುವುದನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ.

ಸಮಾಧಿಭೂಮಿಯನ್ನು ತೋಟದಂತೆ ಕಾಣುವ ರೂಢಿ ನಮ್ಮ ಕಡೆಯದಲ್ಲ. ನಮಗೆ ಸ್ಮಶಾನವೆಂದರೆ ಊರ ಹೊರಗಿನದು. ಕೆಲಸ ಮುಗಿಸಿ ಹಿಂದಿರುಗಿ ನೋಡದೆ ಬರಬೇಕಾದದ್ದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಸತ್ತವರನ್ನು ಊರ ನಡುವಿನ ಚರ್ಚಿನ ಅಂಗಳದಲ್ಲಿಯೇ ಹೂಳುತ್ತಿದ್ದರು. ಭಾನುವಾರ ಆರಾಧನೆಗೆ ಬಂದವರು ತಮ್ಮ ಹಿರಿಯರ ಕಲ್ಲುಗಳ ನಡುವೆಯೇ ನಡೆದು ಬಾಗಿಲು ಸೇರಬೇಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ಯಾರಿಸ್ಸಿನಲ್ಲಿ 1804ರಲ್ಲಿ ತೆರೆದ ಪೇರ್ ಲಾಶೇಸ್ ಸಮಾಧಿಭೂಮಿಯನ್ನು ಉದ್ಯಾನದಂತೆಯೇ ರೂಪಿಸಲಾಗಿತ್ತು. ಲಂಡನ್ನಿನಲ್ಲಿ ಕೆನ್ಸಲ್ ಗ್ರೀನ್ 1833ರಲ್ಲಿ ಆರಂಭವಾಯಿತು. ತೋಟಗಾರಿಕೆಯ ಪ್ರಸಿದ್ಧ ಲೇಖಕ ಜಾನ್ ಲೌಡನ್ 1843ರಲ್ಲಿ ಸಮಾಧಿಭೂಮಿಗಳ ವಿನ್ಯಾಸದ ಬಗ್ಗೆಯೇ ಒಂದು ಪುಸ್ತಕ ಬರೆದ. ಬದುಕಿರುವವರು ಬಂದು ನಡೆದಾಡಬೇಕು, ಕುಳಿತುಕೊಳ್ಳಬೇಕು, ನೆನೆಯಬೇಕು ಎಂಬುದು ಇದರ ಹಿಂದಿನ ಆಶಯ. ನೀಲಗಿರಿಗೆ ಬಂದವರು ಆ ಮನೋಭಾವವನ್ನೂ ತಮ್ಮೊಡನೆ ತಂದರು.

ತಂದದ್ದು ಮನೋಭಾವ ಮಾತ್ರವಲ್ಲ. ಬೆಟ್ಟದ ಚರ್ಚುಗಳ ಸುತ್ತ, ಬಂಗಲೆಗಳ ಸುತ್ತ ಕಾಣುವ ಸೈಪ್ರಸ್, ಹೈಡ್ರೇಂಜಿಯಾ, ಬಿಳಿಯ ಕ್ಯಾಲಾ ಲಿಲ್ಲಿ ಯಾವುವೂ ಇಲ್ಲಿಯವಲ್ಲ. ಎಲ್ಲಕ್ಕಿಂತ ಸೋಜಿಗದ ಸಂಗತಿ ನಮ್ಮದೇ ಭಾಷೆಯಲ್ಲಿದೆ. ಆಸ್ಟ್ರೇಲಿಯಾದ ಯೂಕಲಿಪ್ಟಸ್ ಇಲ್ಲಿಗೆ ಬಂದದ್ದು 1843ರ ಸುಮಾರಿಗೆ. ಸೌದೆಗಾಗಿ ಬೆಟ್ಟದ ತುಂಬ ನೆಟ್ಟರು. ಕನ್ನಡಿಗರು ಅದನ್ನು ಇಲ್ಲಿ ಕಂಡರು, ‘ನೀಲಗಿರಿ ಮರ’ ಎಂದು ಹೆಸರಿಟ್ಟರು, ಅದರ ಎಣ್ಣೆಯನ್ನು ನೆಗಡಿಗೆ ಹಚ್ಚಿದರು. ಈಗ ಮಗುವಿಗೆ ನೀಲಗಿರಿ ಎಂದರೆ ಮೊದಲು ನೆನಪಾಗುವುದೇ ಆ ಪರದೇಶಿ ಮರದ ವಾಸನೆ. ಬೆಟ್ಟದ ಸ್ವಂತದ ಶೋಲಾ ಮರಗಳಲ್ಲಿ ಒಂದರ ಹೆಸರನ್ನಾದರೂ ಹೇಳಬಲ್ಲ ವಿದ್ಯಾರ್ಥಿ ನನಗಿನ್ನೂ ಸಿಕ್ಕಿಲ್ಲ. ನಾನೂ ಬಹುಕಾಲ ಹೇಳಲಾರದವನೇ ಆಗಿದ್ದೆ.

ಕಲ್ಲುಗಳನ್ನು ಓದುವ ಬಗೆ

ಮಕ್ಕಳನ್ನು ಸುಮ್ಮನೆ ಬಿಟ್ಟರೆ ಐದು ನಿಮಿಷದಲ್ಲಿ ಒಂದು ಸುತ್ತು ಹಾಕಿ ಬಂದು ‘ಆಯ್ತು ಸರ್’ ಎನ್ನುತ್ತಾರೆ. ಆದ್ದರಿಂದ ಇಬ್ಬಿಬ್ಬರಿಗೆ ಒಂದೊಂದು ಕಲ್ಲನ್ನು ಒಪ್ಪಿಸಿ, ಅದರಲ್ಲಿರುವ ಹೆಸರು, ಹುಟ್ಟು, ಸಾವು, ಊರು, ಕೆಲಸ, ಕಲ್ಲು ಹಾಕಿಸಿದವರು, ಇಷ್ಟನ್ನು ಬರೆದುಕೊಳ್ಳಲು ಹೇಳುವುದು ಉತ್ತಮ. ಬರೆಹ ಇಂಗ್ಲಿಷಿನದು. ಕನ್ನಡ ಮಾಧ್ಯಮದ ಮಕ್ಕಳು ಮೊದಲು ಹಿಂಜರಿಯುತ್ತಾರೆ. ಆದರೆ ಈ ಕಲ್ಲುಗಳ ಇಂಗ್ಲಿಷ್ ಸಿದ್ಧ ಮಾತುಗಳ ಇಂಗ್ಲಿಷ್. ನಾಲ್ಕು ಕಲ್ಲು ಓದಿದವರಿಗೆ ಐದನೆಯದು ತಾನಾಗಿಯೇ ಒಲಿಯುತ್ತದೆ. ‘ಸೇಕ್ರೆಡ್ ಟು ದ ಮೆಮೊರಿ ಆಫ್’ ಎಂದು ಆರಂಭವಾದರೆ ‘ಇಂಥವರ ಪವಿತ್ರ ಸ್ಮರಣೆಗೆ’ ಎಂದರ್ಥ. ‘ರೆಲಿಕ್ಟ್’ ಎಂದರೆ ವಿಧವೆ. ‘ಎಚ್.ಇ.ಐ.ಸಿ.’ ಎಂಬುದು ಘನತೆವೆತ್ತ ಈಸ್ಟ್ ಇಂಡಿಯಾ ಕಂಪನಿ. ‘ಎಂ.ಎನ್.ಐ.’ ಎಂಬುದು ಮದರಾಸಿನ ದೇಶೀಯ ಪದಾತಿದಳ. ಅದರ ಹಿಂದಿರುವ ಸಂಖ್ಯೆ ದಳದ ಸಂಖ್ಯೆ. ‘ಏಟಾಟ್’ ಎಂಬ ಲ್ಯಾಟಿನ್ ತುಣುಕು ವಯಸ್ಸನ್ನು ಸೂಚಿಸುತ್ತದೆ.

ಆಕೃತಿಗಳಿಗೂ ಭಾಷೆಯುಂಟು. ಆ ಕಾಲದ ಇಂಗ್ಲಿಷ್ ಸಮಾಧಿಗಳಲ್ಲಿ ನಡುವೆ ಮುರಿದಂತೆ ಕೆತ್ತಿದ ಕಂಬ ಅರ್ಧದಲ್ಲಿ ನಿಂತ ಬಾಳನ್ನು ಹೇಳುತ್ತದೆ. ಅದು ಒಡೆದದ್ದಲ್ಲ, ಹಾಗೆಯೇ ಕಡೆದದ್ದು. ಬಟ್ಟೆ ಹೊದಿಸಿದ ಕಲಶ ಶೋಕಕ್ಕೆ, ಲಂಗರು ಭರವಸೆಗೆ ಸಂಕೇತ. ವೀರಗಲ್ಲುಗಳನ್ನು ಬಲ್ಲ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಮೂರು ಅಂತಸ್ತಿನ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಎಂದು ಓದಲು ಕಲಿತವರು ಮುರಿದ ಕಂಬವನ್ನು ಓದಲಾರರೇ?

ವಯಸ್ಸುಗಳನ್ನು ಕೂಡಿಸಿ ಸರಾಸರಿ ತೆಗೆಯಲು ಹೇಳಿದ್ದೆ ಒಮ್ಮೆ. ಗಣಿತದ ಅಭ್ಯಾಸವೂ ಆಗಲೆಂದು. ಅದು ತಪ್ಪಾಯಿತೇನೋ ಎಂದು ಈಗಲೂ ಅನುಮಾನವಿದೆ. ಆರೋಗ್ಯಧಾಮವೆಂದು ಬಂದವರ ಊರಿನಲ್ಲಿ ಮುದುಕರ ಕಲ್ಲುಗಳು ಕಡಿಮೆ. ಇಪ್ಪತ್ತು, ಮೂವತ್ತರ ಹರೆಯದ ಅಧಿಕಾರಿಗಳು, ಅವರ ಎಳೆಯ ಹೆಂಡಂದಿರು, ಮತ್ತು ಮಕ್ಕಳು. ವರ್ಷಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ವಯಸ್ಸು ಬರೆದ ಮಕ್ಕಳ ಕಲ್ಲುಗಳು. ಬೆಟ್ಟದ ಗಾಳಿ ಬಯಲಿನಿಂದಲೇ ಹೊತ್ತು ತಂದ ಕಾಯಿಲೆಯನ್ನು ನಿಲ್ಲಿಸಲಾಗದಿತ್ತು. ಹೆರಿಗೆಯ ಅಪಾಯ ಎಲ್ಲಿದ್ದರೂ ಒಂದೇ ಆಗಿತ್ತು. ಈ ನಗರವನ್ನು ಕಟ್ಟಿದ ಸಲಿವನ್ನನ ಹೆಂಡತಿಯೂ ಮಗಳೂ ಈ ಅಂಗಳದಲ್ಲಿಯೇ ಇದ್ದಾರೆ. ಆತ ಸ್ವದೇಶಕ್ಕೆ ಹಿಂದಿರುಗಿ 1855ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ. ಬೆಟ್ಟದ ಭೂಮಿ ತೊದವರದು, ಅವರ ಹಕ್ಕನ್ನು ಸರ್ಕಾರ ಮನ್ನಿಸಬೇಕು ಎಂದು ವಾದಿಸಿದ ಅಧಿಕಾರಿಯೂ ಅವನೇ. ಅದೇ ಬೆಟ್ಟಕ್ಕೆ ದಾರಿ ತೆರೆದವನೂ ಅವನೇ. ಎರಡನ್ನೂ ಹೇಳಬೇಕು.

ಆ ಸರಾಸರಿಯ ದಿನ ಒಬ್ಬ ಹುಡುಗಿ ಲೆಕ್ಕ ಮಾಡದೆ ಒಂದು ಚಿಕ್ಕ ಕಲ್ಲಿನ ಬಳಿ ಕುಳಿತುಬಿಟ್ಟಿದ್ದಳು. ಅವಳ ತಮ್ಮ ಅದಕ್ಕೂ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ನಮ್ಮ ಕಡೆ ಎಳೆಯ ಮಕ್ಕಳನ್ನು ಮಣ್ಣು ಮಾಡಿದ ಜಾಗಕ್ಕೆ ಗುರುತು ಇಡುವುದಿಲ್ಲ. ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದೂ ಇಲ್ಲ. ‘ಇವರು ಬರ್ದು ಇಟ್ಕೊಂಡವ್ರೆ ಸರ್’ ಎಂದಳು. ಅಷ್ಟೇ. ನಾನು ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತೆ. ಉಳಿದ ಮಕ್ಕಳನ್ನು ಜೊತೆಯ ಶಿಕ್ಷಕಿ ಗೇಟಿನ ಕಡೆಗೆ ಕರೆದೊಯ್ದರು. ಅಂದಿನಿಂದ ಸರಾಸರಿಯ ಲೆಕ್ಕ ಕೊಡುವುದನ್ನು ಬಿಟ್ಟಿದ್ದೇನೆ. ಪ್ರವಾಸಕ್ಕೆ ಮೊದಲು ಯಾವ ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆ ಎಂಬುದನ್ನು ವಿಚಾರಿಸಿಕೊಳ್ಳುತ್ತೇನೆ. ಅಂಥ ಮಗುವನ್ನು ಅಂಗಳದಿಂದ ದೂರವಿಡಬೇಕೆಂದು ಇದರ ಅರ್ಥವಲ್ಲ. ಪಕ್ಕದಲ್ಲಿ ಕೂರುವವರೊಬ್ಬರು ಇರಬೇಕು.

ಕಲ್ಲಿಲ್ಲದವರು, ಕಲ್ಲು ಕಿತ್ತವರು

ತೊಲೆ ಎಳೆದವರ ಕಲ್ಲುಗಳು ಎಲ್ಲಿ ಎಂದು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಇಲ್ಲ. ಲಷಿಂಗ್ಟನ್ನನ ಹೆಸರು ಉಳಿದಿದೆ, ಅಂಡರ್‌ವುಡ್‌ನ ಹೆಸರು ಉಳಿದಿದೆ, ಪ್ರತಿಷ್ಠಾಪಿಸಿದ ಬಿಷಪ್ಪರ ಹೆಸರು ಉಳಿದಿದೆ. ಘಟ್ಟ ಹತ್ತಿಸಿದವರ, ಗೋಡೆ ಕಟ್ಟಿದವರ, ಮರಗೆಲಸದವರ ಹೆಸರುಗಳು ಈ ಅಂಗಳದಲ್ಲಿ ಕಾಣಸಿಗವು. ಅವರು ಆಡುತ್ತಿದ್ದ ಭಾಷೆಗಳಲ್ಲಿ ಕನ್ನಡವೂ ಇದ್ದಿರಬೇಕೆಂದು ಊಹಿಸಿದರೆ ತಪ್ಪಾಗದು. ಮರ ಹೊರಟದ್ದು ಮೈಸೂರು ಸೀಮೆಯಿಂದ.

ಇದೇ ನೆರೆಯಲ್ಲಿ ಬ್ರೀಕ್ಸ್ ಸ್ಮಾರಕ ಶಾಲೆ ಇದೆ. ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ನೀಲಗಿರಿಯ ಮೊದಲ ಕಮಿಷನರ್, 1872ರಲ್ಲಿ ತೀರಿಕೊಂಡ. ಬೆಟ್ಟದ ಬುಡಕಟ್ಟುಗಳ ಮತ್ತು ಪುರಾತನ ಸ್ಮಾರಕಗಳ ಬಗ್ಗೆ ಆತ ಬರೆದ ಗ್ರಂಥವನ್ನು ಅವನ ಹೆಂಡತಿ ಸಿದ್ಧಪಡಿಸಿ 1873ರಲ್ಲಿ ಹೊರತಂದಳು. ನೀಲಗಿರಿಯ ಗುಡ್ಡಗಳ ನೆತ್ತಿಗಳಲ್ಲಿ ಕಲ್ಲುಗಳನ್ನು ವೃತ್ತಾಕಾರವಾಗಿ ಪೇರಿಸಿದ ಪ್ರಾಚೀನ ಸಮಾಧಿಗಳಿದ್ದವು. ವೀರಗಲ್ಲುಗಳನ್ನು ಹೋಲುವ ಕೆತ್ತನೆಗಳುಳ್ಳ ಕಲ್ಮನೆಗಳೂ ಇವೆ. ಬ್ರೀಕ್ಸ್ ಮತ್ತು ಅವನಂಥವರು ಆ ಸಮಾಧಿಗಳನ್ನು ಅಗೆದು ತೆರೆದರು. ಒಳಗಿದ್ದ ಮಡಕೆಗಳು, ಮಣ್ಣಿನ ಗೊಂಬೆಗಳು, ಕಬ್ಬಿಣ ಮತ್ತು ಕಂಚಿನ ಸಾಮಾನುಗಳು ಮದರಾಸಿನ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಆ ಅಗೆತದಿಂದಲೇ ಬೆಟ್ಟದ ಪ್ರಾಚೀನತೆ ನಮಗೆ ತಿಳಿಯಿತೆಂಬುದು ನಿಜ. ಒಂದು ಜನರ ಸಮಾಧಿಗೆ ಕಬ್ಬಿಣದ ಕಟಾಂಜನ, ಇನ್ನೊಂದು ಜನರ ಸಮಾಧಿಗೆ ಗುದ್ದಲಿ ಎಂಬುದೂ ನಿಜ. ಒಂಬತ್ತು, ಹತ್ತನೆಯ ತರಗತಿಯವರೊಡನೆ ಈ ಮಾತನ್ನು ಅಂಗಳದಲ್ಲಿಯೇ ನಿಂತು ಆಡಬಹುದು.

ಕನ್ನಡದ ಎಳೆ

ಚರ್ಚಿನ ದಿಬ್ಬದಿಂದ ಪೂರ್ವದತ್ತ ತೋರಿಸಿ, ಅಲ್ಲಿರುವ ಅತ್ಯುನ್ನತ ಶಿಖರದ ಹೆಸರೇನೆಂದು ಕೇಳಿ. 2,637 ಮೀಟರಿನ ದೊಡ್ಡಬೆಟ್ಟ. ತಮಿಳಿನ ಬೋರ್ಡಿನಲ್ಲಿಯೂ ಇಂಗ್ಲಿಷಿನ ಬೋರ್ಡಿನಲ್ಲಿಯೂ ಅದು ದೊಡ್ಡಬೆಟ್ಟವೇ. ಕೂನೂರಿನ ಬಳಿಯ ಹುಲಿಕಲ್ ದುರ್ಗ ಇನ್ನೊಂದು ಹೆಸರು. ಮಕ್ಕಳ ಮುಖ ಅರಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಹೆಸರುಗಳು ಬಡಗರ ನುಡಿಯವೂ ಹೌದು. ಬಡಗರು ಬಡಗಣದಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರೆಂದು ಅವರ ಐತಿಹ್ಯವೇ ಹೇಳುತ್ತದೆ. ಅವರ ಮಾತು ಕನ್ನಡಕ್ಕೆ ಬಹು ಹತ್ತಿರ. ಆದರೆ ಅದು ತಮ್ಮದೇ ಪ್ರತ್ಯೇಕ ಭಾಷೆ ಎಂಬುದು ಅವರಲ್ಲಿ ಅನೇಕರ ನಿಲುವು. ದೊಡ್ಡ ಭಾಷೆಯವರು ನಮ್ಮನ್ನು ನುಂಗುತ್ತಾರೆಂದು ದೂರುವ ನಾವು, ನಮಗಿಂತ ಚಿಕ್ಕ ಭಾಷೆಯವರ ಎದುರು ಅದೇ ಮಾತನ್ನಾಡಬಾರದು. ‘ನಿಮ್ಮದು ಕನ್ನಡವೇ ಅಲ್ಲವೇ’ ಎಂದು ಚಹದಂಗಡಿಯಲ್ಲಿ ಕೇಳುವ ನಮ್ಮವರ ಉತ್ಸಾಹವನ್ನು ನಾನು ಎಷ್ಟೋ ಸಲ ತಡೆದಿದ್ದೇನೆ.

ಲಿಖಿತ ಕನ್ನಡದ ಕುರುಹು ಹುಡುಕುವವರು ಉದಕಮಂಡಲದಿಂದ ಕೂನೂರಿನತ್ತ ಇರುವ ಕೇತಿಗೆ ಹೋಗಬೇಕು. ಮದರಾಸಿನ ಸಿವಿಲ್ ಸೇವೆಯಿಂದ ನಿವೃತ್ತನಾಗಿ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬಾತ ಅಲ್ಲಿ ಬಡಗರ ಮಕ್ಕಳಿಗಾಗಿ ಶಾಲೆ ನಡೆಸಿದ. ಅವನ ಆಹ್ವಾನದ ಮೇರೆಗೆ ಬಾಸೆಲ್ ಮಿಶನ್ 1846ರಲ್ಲಿ ಅಲ್ಲಿಗೆ ಬಂತು. 1849ರಲ್ಲಿ ಸಾಯುವಾಗ ಆತ ತನ್ನ ಆಸ್ತಿಯನ್ನು ಮಿಶನ್ನಿಗೆ ಬಿಟ್ಟುಹೋದ. ಮಂಗಳೂರು, ಧಾರವಾಡಗಳಲ್ಲಿ ಕನ್ನಡ ಕಲಿತಿದ್ದ ಈ ಮಿಶನ್ನಿನವರು ಬಡಗರ ನಡುವೆ ಕೆಲಸಕ್ಕೆ ಕನ್ನಡವನ್ನೇ ಆಶ್ರಯಿಸಿದರು. ಲೂಕನ ಸುವಾರ್ತೆಯನ್ನು ಬಡಗ ನುಡಿಯಲ್ಲಿ ಕನ್ನಡ ಲಿಪಿಯಲ್ಲಿ ಮುದ್ರಿಸಿ 1890ರಲ್ಲಿ ಮಂಗಳೂರಿನಿಂದ ಹೊರತಂದರು. ಇಂದು ಆ ಬೆಟ್ಟದಲ್ಲಿ ಶಾಲೆಗೆ ಹೋಗುವ ಬಡಗ ಮಗು ಆ ಪುಟವನ್ನು ಕೈಗೆ ಕೊಟ್ಟರೆ ಓದಲಾರದು. ನಮ್ಮ ಮಗು ಓದೀತು, ಪೂರ್ತಿ ತಿಳಿಯದಿದ್ದರೂ. ಲಿಪಿ ಶಾಲೆಯಿಂದ ಹೋದರೆ ಎರಡು ಮೂರು ತಲೆಮಾರಿನಲ್ಲಿ ಏನಾಗುತ್ತದೆ ಎಂದು ಪ್ರತಿ ಜೂನಿನಲ್ಲಿ ಕನ್ನಡ ವಿಭಾಗಕ್ಕೆ ಸೇರಿಸಲೋ ಬೇಡವೋ ಎಂದು ತೂಗುವ ಪೋಷಕರು ನನ್ನನ್ನು ಕೇಳಿದಾಗ ಈ ಉದಾಹರಣೆಯನ್ನೇ ಹೇಳುತ್ತೇನೆ.

ಹೋಗುವವರಿಗೆ ಕೆಲವು ಮಾತು

ಭಾನುವಾರ ಬೆಳಿಗ್ಗೆ, ಕ್ರಿಸ್ಮಸ್ ಮತ್ತು ಈಸ್ಟರ್ ದಿನಗಳಂದು ಗುಂಪಾಗಿ ಹೋಗಬೇಡಿ. ಅದು ಆರಾಧನೆಯ ಹೊತ್ತು. ಬೇರೆ ದಿನಗಳಲ್ಲಿಯೂ ಒಳಗೆ ಪ್ರಾರ್ಥನೆ ಅಥವಾ ಮದುವೆ ನಡೆಯುತ್ತಿದ್ದರೆ ಹೊರಗೆ ಕಾಯಬೇಕು. ಸಮಾಧಿಭೂಮಿಗೆ ಇಳಿಯುವ ಮೊದಲು ಅಲ್ಲಿನ ಕಾವಲುಗಾರರನ್ನು ಕೇಳಿ. ಶಾಲೆಯ ಗುಂಪಾದರೆ ಮುಂಚಿತವಾಗಿ ಒಂದು ಪತ್ರ ಕಳುಹಿಸುವುದು ಇನ್ನೂ ಒಳ್ಳೆಯದು. ಚಪ್ಪಲಿ ಕಳಚಬೇಕೆಂಬ ನಿಯಮ ಚರ್ಚುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಮಕ್ಕಳು ಅಭ್ಯಾಸಬಲದಿಂದ ಬಾಗಿಲಲ್ಲಿ ಕಳಚಿಡುತ್ತಾರೆ. ಕಳಚಲಿ, ಯಾರೂ ಆಕ್ಷೇಪಿಸಿದ್ದಿಲ್ಲ. ಆದರೆ ಸಮಾಧಿಭೂಮಿಯ ಜಾರುವ ಇಳಿಜಾರಿನಲ್ಲಿ ಹಿಡಿತವುಳ್ಳ ಬೂಟು ಬೇಕೇ ಬೇಕು.

ಕಲ್ಲಿನ ಮೇಲೆ ಕೂರಬಾರದು, ಒರಗಬಾರದು. ಇದು ಮರ್ಯಾದೆಯ ಮಾತಷ್ಟೇ ಅಲ್ಲ: ವಾಲಿದ ಕಲ್ಲು ಮಗುವಿನ ಮೇಲೆ ಬಿದ್ದೀತು. ಅಕ್ಷರ ಕಾಣಲೆಂದು ಪಾಚಿ ಕೆರೆಯುವುದು, ಸೀಮೆಸುಣ್ಣ ಉಜ್ಜುವುದು ಸಲ್ಲದು. ಕೆರೆದರೆ ಪಾಚಿಯೊಡನೆ ಕಲ್ಲಿನ ಮೇಲ್ಪದರವೂ ಕಿತ್ತುಬರುತ್ತದೆ. ಮತ್ತೆ ಹತ್ತು ವರ್ಷಕ್ಕೆ ಅಕ್ಷರವೇ ಇರದು. ಮೊಬೈಲಿನ ದೀಪವನ್ನು ಕಲ್ಲಿಗೆ ಪಕ್ಕದಿಂದ, ಓರೆಯಾಗಿ ಹಿಡಿದರೆ ಸವೆದ ಬರೆಹವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಹೂ ಕೀಳಬಾರದು. ಸಮಾಧಿಗಳ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರು ಅಲ್ಲಿ ಕಾಣಸಿಗುತ್ತಾರೆ. ಮಕ್ಕಳು ನಮ್ಮನ್ನೇ ನೋಡುತ್ತಿರುತ್ತಾರೆಂಬುದನ್ನು ಜೊತೆಯಲ್ಲಿ ಬರುವ ಹಿರಿಯರು ನೆನಪಿಟ್ಟರೆ ಸಾಕು.

ಏಪ್ರಿಲ್, ಮೇ ತಿಂಗಳು ಜನಜಂಗುಳಿ. ಜೂನ್‌ನಿಂದ ನವೆಂಬರ್‌ವರೆಗೆ ಎರಡೂ ಮಾರುತಗಳ ಮಳೆ ಬೆಟ್ಟಕ್ಕೆ ತಟ್ಟುತ್ತದೆ. ಜನವರಿ, ಫೆಬ್ರವರಿಯ ಹಗಲು ನಿಚ್ಚಳ. ಆದರೆ ಮುಂಜಾನೆ ಹುಲ್ಲಿನ ಮೇಲೆ ಹಿಮ ಕಟ್ಟುವ ಚಳಿ. ಸುಮಾರು 2,240 ಮೀಟರ್ ಎತ್ತರದ ಊರಿಗೆ ಸ್ವೆಟರ್ ಇಲ್ಲದೆ ಮಕ್ಕಳನ್ನು ಕಳುಹಿಸಬೇಡಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಜಿಲ್ಲೆಯಲ್ಲಿ ನಿಷೇಧವಿದೆ. ನೀರಿನ ಬಾಟಲಿ ಸ್ಟೀಲಿನದಿರಲಿ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಗಿದೆ. ಹೊರಡುವ ಮೊದಲು ಆನ್‌ಲೈನಿನಲ್ಲಿ ಪಡೆದುಕೊಳ್ಳಬೇಕು.

ತಾಳವಾಡಿಯಿಂದ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರದ ಮೂಲಕ ಬರುವವರು ಗೂಡಲೂರಿನ ದಾರಿ ಹಿಡಿಯಬೇಕು. ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಘಟ್ಟದಲ್ಲಿ 36 ತಿರುವುಗಳಿವೆ, ಶಾಲೆಯ ಬಸ್ಸಿಗೆ ಅದು ತಕ್ಕುದಲ್ಲ. ಬಂಡೀಪುರದ ಕಾಡಿನ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆದ್ದರಿಂದ ಮಧ್ಯಾಹ್ನ ಮೂರೂವರೆಯೊಳಗೆ ಉದಕಮಂಡಲ ಬಿಡುವಂತೆ ವೇಳಾಪಟ್ಟಿ ಹಾಕಿಕೊಳ್ಳಿ, ಚರ್ಚನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಎರಡು ದಿನದ ಪ್ರವಾಸವಾದರೆ ಮರುದಿನ ಶ್ರೀರಂಗಪಟ್ಟಣಕ್ಕೆ ಹೋಗಬಹುದು. ರಂಗನಾಥಸ್ವಾಮಿ ದೇವಾಲಯದ ಸಮೀಪದಲ್ಲಿ ಲಾಲ್ ಮಹಲ್ಲಿನ ತಳಪಾಯದ ಕುರುಹುಗಳು ಉಳಿದಿವೆ.